ಹೊಗೆಗೆ ಹಡಗಿನ ಟಿಕೆಟ್

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನವರಿಗೆ ಒಂದು ಶಾಲು ಹೊದಿಸಲೇಬೇಕು. ಊರೊಳಗಿನ ವೆರ್ಟನ್ ಸ್ಥಾವರದಲ್ಲಿ ಮರದ ಚೂರು ಉರಿಸಿ ಮನೆಗಳನ್ನು ಬೆಚ್ಚಗಿಡುತ್ತಾರಲ್ಲ, ಆ ಚಿಮಣಿಯ ಕಾರ್ಬನ್ ಡೈಆಕ್ಸೈಡನ್ನು ಇನ್ನು ಸುಮ್ನೆ ಗಾಳಿಗೆ ಬಿಡುವುದಿಲ್ಲವಂತೆ. ವರ್ಷಕ್ಕೆ 8 ಲಕ್ಷ ಟನ್ ಹಿಡಿದು, ತಣ್ಣಗೆ ಮಾಡಿ, ದ್ರವವಾಗಿಸಿ, ಹಡಗು ಹತ್ತಿಸಿ ನಾರ್ವೆಗೆ ಕಳಿಸುತ್ತಾರೆ. ಅಲ್ಲಿ ಸಮುದ್ರದ ತಳದಿಂದ 2,600 ಮೀಟರ್ ಕೆಳಗೆ ಸಮಾಧಿ. 2028ಕ್ಕೆ ಮುಹೂರ್ತ.

ಹೂಳುವ ಕಂಪನಿ ಯಾರದ್ದು? ಈಕ್ವಿನಾರ್, ಶೆಲ್, ಟೋಟಲ್‌ಎನರ್ಜೀಸ್. ಅಂದರೆ ಇಷ್ಟು ವರ್ಷ ನೆಲದಡಿಯಿಂದ ಎಣ್ಣೆ ತೆಗೆದು ಮಾರಿದವರೇ. ತೆಗೆಯುವುದಕ್ಕೂ ದುಡ್ಡು, ತುಂಬುವುದಕ್ಕೂ ದುಡ್ಡು.

ನನಗೆ ಜಾಸ್ತಿ ಹಿಡಿಸಿದ್ದು ಲೆಕ್ಕದ ಪುಸ್ತಕ. ಮರ ಉರಿಸಿದ ಹೊಗೆ ಇಂಧನದ ಖಾತೆಯಲ್ಲಿ ಸೊನ್ನೆ. ಮರ ಕಡಿದಾಗಲೇ ಅದನ್ನು ಕಾಡಿನ ಖಾತೆಗೆ ಬರೆದಾಗಿದೆ, ಮರ ಮತ್ತೆ ಬೆಳೆಯುತ್ತೆ ಬಿಡಿ ಅಂತಾರೆ. ಆ ಸೊನ್ನೆಯನ್ನು ಹಿಡಿದರೆ ಮೈನಸ್! ಮಾಡದ ಸಾಲ ತೀರಿಸಿದ್ದಕ್ಕೆ ಬ್ಯಾಂಕಿನವರೇ ಬಡ್ಡಿ ಕೊಟ್ಟ ಹಾಗೆ. ಮೈನಸ್‌ಗೆ ಸರ್ಟಿಫಿಕೇಟ್ ಮಾಡಿ ಮಾರುತ್ತಾರೆ. ಮೈಕ್ರೋಸಾಫ್ಟ್ 50 ಲಕ್ಷ ಟನ್‌ಗೂ ಜಾಸ್ತಿ ಬುಕ್ ಮಾಡಿದೆ. 2030ಕ್ಕೆ ಕಾರ್ಬನ್ ನೆಗೆಟಿವ್ ಆಗ್ತೀವಿ, ಅಂದರೆ ಬಿಡುವುದಕ್ಕಿಂತ ಜಾಸ್ತಿ ಹೊಗೆ ತೆಗೀತೀವಿ ಅಂತ 2020ರಲ್ಲಿ ಹೇಳಿ, ಮೂರೇ ವರ್ಷದಲ್ಲಿ ತನ್ನ ಲೆಕ್ಕದ ಒಟ್ಟು ಹೊಗೆಯನ್ನು ಶೇ 29ರಷ್ಟು ಏರಿಸಿಕೊಂಡ ಕಂಪನಿ ಅದು.

ಡೆನ್ಮಾರ್ಕ್‌ನ ಕೋಪನ್‌ಹೇಗನ್ ಕಥೆ ಇನ್ನೂ ಚೆಂದ. ಅಲ್ಲಿ ಕಸ ಸುಡುವ ಅಮಾಗರ್ ಬಾಕೆ ಸ್ಥಾವರದ ತಾರಸಿಯೇ ಸ್ಕೀಯಿಂಗ್ ಇಳಿಜಾರು. ಕೆಳಗೆ ಕಸ ಉರಿಯುತ್ತೆ, ಮೇಲೆ ಜನ ಜಾರುತ್ತಾರೆ. ಊರಿನ ಕಸ ಸಾಲದೆ ಹೊರದೇಶದ್ದನ್ನೂ ತರಿಸಿದರು. 2025ಕ್ಕೆ ಜಗತ್ತಿನ ಮೊದಲ ಕಾರ್ಬನ್ ನ್ಯೂಟ್ರಲ್ (ಲೆಕ್ಕದಲ್ಲಿ ಹೊಗೆ ಸೊನ್ನೆ) ರಾಜಧಾನಿ ಆಗುವ ಕನಸಿತ್ತು. ಹೊಗೆ ಹಿಡಿಯುವ ಯಂತ್ರಕ್ಕೆ ಸರ್ಕಾರದ ದುಡ್ಡು ಸಿಗಲಿಲ್ಲ. 2022ರಲ್ಲಿ ಘೋಷಣೆ ವಾಪಸ್. ಜಾರುವುದು ಮುಂದುವರಿದಿದೆ.

ಸ್ಟಾಕ್‌ಹೋಮ್‌ಗೆ ಆ ಗತಿ ಬರಲಿಲ್ಲ. ಹೊಗೆ ಹಿಡಿಯಲು ಸ್ವೀಡನ್ ಸರ್ಕಾರ 15 ವರ್ಷದಲ್ಲಿ 2,000 ಕೋಟಿ ಕ್ರೋನಾದವರೆಗೆ ಕೊಡಲು ಒಪ್ಪಿದೆ. ಇದೇ ಸರ್ಕಾರ ಏನು ಮಾಡಿತ್ತು ಗೊತ್ತಾ? ಜೈವಿಕ ಇಂಧನ ಬೆರೆಸಿ ಡೀಸೆಲ್‌ನ ಹೊಗೆಯನ್ನು ಶೇ 30.5 ತಗ್ಗಿಸಬೇಕು ಎಂಬ ನಿಯಮವನ್ನು 2024ರ ಜನವರಿಯಿಂದ ಶೇ 6ಕ್ಕೆ ಇಳಿಸಿತು. ಡೀಸೆಲ್ ಅಗ್ಗವಾಯಿತು. ಆ ವರ್ಷ ದೇಶದ ಹೊಗೆ ಏರಿತು.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಹೊಗೆ ಹಿಡಿಯುವ ತಂತ್ರ ಸುಳ್ಳಲ್ಲ, ಕೆಲಸ ಮಾಡುತ್ತೆ. ಆದರೆ ಹಿಡಿಯಲು ಜನರ ತೆರಿಗೆ ಸುರಿಯುವವರೇ ಬಿಡಲು ರಿಯಾಯಿತಿ ಕೊಟ್ಟರೆ ಏನು ಹೇಳೋಣ? ಗಾಡಿ ಕಡಿಮೆ ಓಡಿಸಿ ಎಂದು ಪೆಟ್ರೋಲ್ ಬಂಕಿನ ಮುಂದೆ ನಿಂತು ಹೇಳುವ ಮಂತ್ರಿ ಮಾತ್ರ ಯಾವ ದೇಶದಲ್ಲೂ ಸಿಗುವುದಿಲ್ಲ.