ಬೆಟ್ಸ್ ಓಡಿದ್ದು ಯಾರ ಕಣ್ಣಿಗೂ ಬೀಳಲಿಲ್ವಾ?

"ಯಾಂಕೀಸ್ ಸುಮ್ನೆ ಕೊಟ್ಟ ಕಪ್" ಅಂತೆ. ಅಮೆರಿಕದ ಬೇಸ್‌ಬಾಲ್ ಫೈನಲ್ ಆದ 2024ರ ವರ್ಲ್ಡ್ ಸೀರೀಸ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿದ್ದಕ್ಕೆ ಬೆಳಿಗ್ಗೆಯಿಂದ ಇದೇ ಮಾತು. ವಾಟ್ಸಾಪ್ ಗುಂಪಿನಲ್ಲಿ ಇದೇ, ತಮ್ಮ ಫೋನ್ ಮಾಡಿ ಹೇಳಿದ್ದೂ ಇದೇ. ಹಬ್ಬದ ದಿನ ಯಾರ ಹತ್ತಿರವೂ ಜಗಳ ಬೇಡ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ.

ನಾನು ಡಾಡ್ಜರ್ಸ್ ಕಡೆಯವನು ಅಂತ ನಿಮಗೆಲ್ಲ ಗೊತ್ತು. ಲಾಸ್ ಏಂಜಲೀಸ್ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದರೂ ಈ ಹುಚ್ಚು ಇಳಿದಿಲ್ಲ. ಇವತ್ತು ನರಕ ಚತುರ್ದಶಿ. ಅಮ್ಮ ಎಣ್ಣೆ ಬಟ್ಟಲು ಹಿಡಿದು ಕರೀತಾನೇ ಇದ್ದರು, ನಾನು ಟಿವಿ ಮುಂದಿಂದ ಏಳಲಿಲ್ಲ. ಏಳೋದಾದರೂ ಹೇಗೆ? ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ, ಯಾಂಕಿ ಸ್ಟೇಡಿಯಂ. ಸರಣಿಯಲ್ಲಿ ನಾವು 3-1 ಮುಂದೆ, ನಾಲ್ಕು ಗೆದ್ದರೆ ಕಪ್. ಆದರೆ ಈ ಪಂದ್ಯದಲ್ಲಿ ಮೂರು ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ 5-0 ಹಿಂದೆ! ಯಾಂಕೀಸ್‌ನ ಜಡ್ಜ್ ಒಂದು ಹೋಮ್ ರನ್ (ಸಿಕ್ಸರ್ ತರ ಚೆಂಡು ಮೈದಾನದಾಚೆ), ಬೆನ್ನಿಗೇ ಚಿಸಮ್ ಒಂದು, ಆಮೇಲೆ ಸ್ಟಾಂಟನ್ ಒಂದು. ನಮ್ಮ ಪಿಚರ್ (ಚೆಂಡು ಎಸೆಯುವವನು) ಫ್ಲಾಹರ್ಟಿ ಎರಡನೇ ಇನ್ನಿಂಗ್ಸ್ ಕೂಡ ಮುಗಿಸಲಿಲ್ಲ. ಆ ಕಡೆ ಗೆರಿಟ್ ಕೋಲ್ ನಾಲ್ಕು ಇನ್ನಿಂಗ್ಸ್ ಎಸೆದು ಒಂದೇ ಒಂದು ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ) ಕೊಟ್ಟಿರಲಿಲ್ಲ.

ಐದನೇ ಇನ್ನಿಂಗ್ಸ್‌ನಲ್ಲಿ ನಮ್ಮ ಕಿಕೆ ಹೆರ್ನಾಂಡೆಸ್ ಹಿಟ್ ಹೊಡೆದ. ಎಡ್ಮನ್ ಹೊಡೆದ ಸಲೀಸು ಕ್ಯಾಚನ್ನು ಜಡ್ಜ್ ಕೈಚೆಲ್ಲಿದ. ಯಾಂಕೀಸ್‌ನ ವೋಲ್ಪಿ ಮೂರನೇ ಬೇಸ್‌ಗೆ ಎಸೆದ ಚೆಂಡು ನೆಲಕ್ಕೆ ಬಡಿಯಿತು. ಎಲ್ಲರ ಕಥೆ ಇಲ್ಲಿಗೇ ಮುಗಿಯುತ್ತೆ. ಮುಂದೆ ಏನಾಯ್ತು ಅಂತ ಯಾರೂ ಹೇಳೋದೇ ಇಲ್ಲ. ಕೋಲ್ ಲಕ್ಸ್‌ನನ್ನೂ ಓಟಾನಿಯನ್ನೂ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್ ಆದರೆ ಔಟ್) ಮಾಡಿದ. ಮೂರೂ ಬೇಸ್ ತುಂಬಿವೆ, ಎರಡು ಔಟ್ (ಮೂರಾದರೆ ಇನ್ನಿಂಗ್ಸ್ ಮುಗೀತು), ಸ್ಕೋರ್ ಇನ್ನೂ 5-0. ಅಂದರೆ ಆ ಎರಡು ತಪ್ಪನ್ನೂ ಕೋಲ್ ಹೆಚ್ಚುಕಮ್ಮಿ ಅಳಿಸಿಯೇ ಬಿಟ್ಟಿದ್ದ.

ಆಗ ಬಂದವನು ಮೂಕಿ ಬೆಟ್ಸ್. ಬ್ಯಾಟಿನ ತುದಿಗೆ ತಾಗಿದ ಚೆಂಡು ಗಿರಗಿರ ತಿರುಗುತ್ತಾ ಮೊದಲ ಬೇಸ್ ಕಡೆ ಉರುಳಿತು. ಅಲ್ಲಿ ಕಾಯುವ ಯಾಂಕೀಸ್‌ನ ರಿಜೊ ಅದನ್ನು ಹಿಡಿಯಲು ಕಾದ. ಇಂಥ ಹೊತ್ತಲ್ಲಿ ಪಿಚರ್ ಓಡಿ ಬಂದು ಬೇಸ್ ಕಾಯಬೇಕು, ಕ್ರಿಕೆಟ್‌ನಲ್ಲಿ ಬೌಲರ್ ಸ್ಟಂಪ್ ಹತ್ತಿರ ಬಂದು ನಿಲ್ಲುವ ಹಾಗೆ. ಕೋಲ್ ರಿಜೊ ಕಡೆ ಬೆರಳು ತೋರಿಸಿ ನಿಂತುಬಿಟ್ಟ. ಬೆಟ್ಸ್ ಮಾತ್ರ ಒಂದು ಹೆಜ್ಜೆಯೂ ನಿಧಾನ ಮಾಡಲಿಲ್ಲ. ಅಂಥ ಚೆಂಡು ಹೊಡೆದವರು ಹೇಗಿದ್ರೂ ಔಟು ಅಂತ ತಲೆ ತಗ್ಗಿಸಿ ಜಾಗಿಂಗ್ ಮಾಡೋದನ್ನು ಎಷ್ಟು ಸಲ ನೋಡಿಲ್ಲ? ಇವನು ಅರ್ಧ ವೇಗದಲ್ಲಿ ಓಡಿದ್ದರೆ ರಿಜೊ ತಾನೇ ಹೋಗಿ ಬೇಸ್ ಮುಟ್ಟುತ್ತಿದ್ದ. ಇನ್ನಿಂಗ್ಸ್ ಮುಗಿಯುತ್ತಿತ್ತು. ಬೆಟ್ಸ್ ಓಡಿದ, ಹಾಗಾಗಿ ಮುಗಿಯಲಿಲ್ಲ. 5-1.

ಆಮೇಲೆ ಫ್ರೀಮನ್ ಎರಡು ಸ್ಟ್ರೈಕ್ ಆದ ಮೇಲೆ ಹೊಡೆದ ಹಿಟ್, ಎರಡು ರನ್. ಟೆಯೊಸ್ಕರ್ ಹೆರ್ನಾಂಡೆಸ್ ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ), ಇನ್ನೆರಡು. 5-5. ಇದನ್ನೂ ಯಾಂಕೀಸ್ ಕೊಟ್ಟರಾ?

ಬೆಟ್ಸ್ ಬಗ್ಗೆ ನನಗೆ ಯಾಕಿಷ್ಟು ಅಂತ ಕೇಳಬಹುದು. 2022ರ ಪ್ಲೇಆಫ್‌ನಲ್ಲಿ ಅವನು 14 ಅವಕಾಶಕ್ಕೆ 2 ಹಿಟ್. 2023ರಲ್ಲಿ 11ಕ್ಕೆ ಸೊನ್ನೆ. ಪ್ಲೇಆಫ್ ನಡೆಯೋ ಅಕ್ಟೋಬರ್ ಬಂದರೆ ಇವನು ಮಾಯ ಅಂತ ಊರೆಲ್ಲ ಆಡಿಕೊಂಡಿತ್ತು. ಆ ಮಾತು ತಿಂದವನು ಇವತ್ತು ಹೀಗೆ ಓಡಿದ.

ಇನ್ನು ಫ್ರೆಡ್ಡಿ ಫ್ರೀಮನ್. ಜುಲೈನಲ್ಲಿ ಅವನ ಪುಟ್ಟ ಮಗ ಮ್ಯಾಕ್ಸ್‌ಗೆ ಗಿಲಾನ್ ಬಾರೆ ಅನ್ನೋ ನರಗಳ ಕಾಯಿಲೆ, ಐಸಿಯು. ನನಗೂ ಚಿಕ್ಕ ಮಗ ಇದ್ದಾನೆ. ಆ ವಾರ ನಾನು ಸ್ಕೋರ್ ನೋಡಲಿಲ್ಲ, ಆ ಮಗುವಿನ ಸುದ್ದಿ ಮಾತ್ರ ನೋಡುತ್ತಿದ್ದೆ. ಸೆಪ್ಟೆಂಬರ್ ಕೊನೆಗೆ ಫ್ರೀಮನ್ ಪಾದದ ಕೀಲು ಉಳುಕಿತು. ಮೊದಲ ಎರಡು ಸುತ್ತಿನಲ್ಲಿ ಒಂದು ಡಬಲ್ ಕೂಡ ಇಲ್ಲ, ಕುಂಟುತ್ತಾ ಆಡಿದ. ಅದೇ ಮನುಷ್ಯ ಈ ಸೀರೀಸ್‌ನ ಮೊದಲ ಪಂದ್ಯವನ್ನು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್) ಹೊಡೆದು ಗೆಲ್ಲಿಸಿದ. ಮೊದಲ ನಾಲ್ಕೂ ಪಂದ್ಯದಲ್ಲಿ ಹೋಮ್ ರನ್. ಒಟ್ಟು 12 ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ತಂದ ರನ್), 1960ರಲ್ಲಿ ಬಾಬಿ ರಿಚರ್ಡ್‌ಸನ್ ಮಾಡಿದ ದಾಖಲೆಗೆ ಸಮ. ಎಂವಿಪಿ, ಅಂದರೆ ಸರಣಿಶ್ರೇಷ್ಠ ಪ್ರಶಸ್ತಿ, ಅವನಿಗಲ್ಲದೆ ಇನ್ಯಾರಿಗೆ?

ಹೌದು, ಯಾಂಕೀಸ್ ತಪ್ಪು ಮಾಡಿದರು. ಆ ಐದೂ ರನ್ ಕೋಲ್ ಲೆಕ್ಕಕ್ಕೆ ಹೋಗಲಿಲ್ಲ, ಅನ್‌ಅರ್ನ್ಡ್ (ಫೀಲ್ಡಿಂಗ್ ತಪ್ಪಿನಿಂದ ಬಂದದ್ದು) ಅಂತಲೇ ಬರೆದುಕೊಂಡರು. ಆದರೆ ಆರನೇ ಇನ್ನಿಂಗ್ಸ್‌ನಲ್ಲಿ ಅವರು ಮತ್ತೆ 6-5 ಮುಂದೆ ಹೋದರಲ್ಲ, ಅದನ್ನು ಮರೆತುಬಿಟ್ರಾ? ಎಂಟನೇ ಇನ್ನಿಂಗ್ಸ್‌ನಲ್ಲಿ ಮತ್ತೆ ಕಿಕೆ ಹಿಟ್, ಎಡ್ಮನ್ ಹಿಟ್, ಸ್ಮಿತ್‌ಗೆ ವಾಕ್ (ಕೆಟ್ಟ ಎಸೆತಗಳಿಂದ ಸಿಗುವ ಬೇಸ್). ಲಕ್ಸ್ ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟ್ ಆಗಿ ರನ್ ತರುವ ಹೊಡೆತ), 6-6. ಓಟಾನಿ ಬ್ಯಾಟು ಕ್ಯಾಚರ್ ಗ್ಲೌಸಿಗೆ ತಾಗಿ ಅವನಿಗೆ ಬೇಸ್ ಸಿಕ್ಕಿತು, ಬೇಕಾದರೆ ಅದನ್ನೂ ಉಡುಗೊರೆ ಲೆಕ್ಕಕ್ಕೆ ಹಾಕಿಕೊಳ್ಳಿ. ಆಮೇಲೆ ಅಂಥದೇ ಫ್ಲೈ ಹೊಡೆದು 7-6 ಮಾಡಿದ್ದು ಮತ್ತೆ ಬೆಟ್ಸ್.

"ದುಡ್ಡು ಸುರಿದರೆ ಯಾರು ಬೇಕಾದರೂ ಗೆಲ್ತಾರೆ" ಅನ್ನೋದು ಇನ್ನೊಂದು. 70 ಕೋಟಿ ಡಾಲರ್ ಒಪ್ಪಂದದ ಓಟಾನಿ ಎರಡನೇ ಪಂದ್ಯದಲ್ಲಿ ಭುಜ ಜಾರಿಸಿಕೊಂಡು ಇಡೀ ಸೀರೀಸ್‌ನಲ್ಲಿ 19ಕ್ಕೆ 2 ಹಿಟ್. ನಮ್ಮ ಪಿಚರ್‌ಗಳು ಕರ್ಶಾ, ಗ್ಲಾಸ್‌ನೋ ಇಬ್ಬರೂ ಗಾಯ ಮಾಡಿಕೊಂಡು ಹೊರಗೆ. ಈ ಪಂದ್ಯದಲ್ಲಿ ನಮ್ಮ ಇನ್ನೊಬ್ಬ ಪಿಚರ್ ಟ್ರೈನೆನ್ ಏಳು ಔಟ್ ತೆಗೆದ. ಎಂಟನೇ ಇನ್ನಿಂಗ್ಸ್‌ನಲ್ಲಿ ಇಬ್ಬರು ಬೇಸ್ ಮೇಲಿದ್ದಾಗ ಮ್ಯಾನೇಜರ್ ರಾಬರ್ಟ್ಸ್ ಹೋಗಿ ಅವನ ಎದೆ ಮೇಲೆ ಕೈಯಿಟ್ಟು, ಕಣ್ಣು ನೋಡಿ, ಅವನನ್ನೇ ಬಿಟ್ಟು ಬಂದರು. ಸ್ಟಾಂಟನ್ ಔಟ್, ರಿಜೊ ಔಟ್. ಒಂಬತ್ತನೇದಕ್ಕೆ ಬ್ಯೂಲರ್ ಬಂದ. ಮೂರನೇ ಪಂದ್ಯಕ್ಕೆ ಐದು ಇನ್ನಿಂಗ್ಸ್ ಎಸೆದು ಒಂದೇ ದಿನ ಬಿಡುವು ಸಿಕ್ಕಿದ್ದವನು ಮೂವರನ್ನೂ ಸಾಲಾಗಿ ಕಳಿಸಿದ.

ಐದು ರನ್ ಹಿಂದಿದ್ದು ವರ್ಲ್ಡ್ ಸೀರೀಸ್ ಗೆಲ್ಲುವ ಪಂದ್ಯವನ್ನು ಗೆದ್ದ ತಂಡ ಇದಕ್ಕೆ ಮುಂಚೆ ಇರಲಿಲ್ಲ. ಕಾಮೆಂಟಿನಲ್ಲಿ ವಾದ ಮಾಡೋರು ಮೊದಲು ಆ ಐದನೇ ಇನ್ನಿಂಗ್ಸ್ ಹಾಕಿಕೊಂಡು ನೋಡಿ. ಚೆಂಡು ಬಿಡಿ, ಕೋಲ್ ಬಿಡಿ. ಬೆಟ್ಸ್ ಕಾಲು ನೋಡಿ ಬನ್ನಿ, ಆಮೇಲೆ ಮಾತಾಡೋಣ.