ಪ್ರೇಕ್ಷಕರೇ, ನಿಮಗೋಸ್ಕರವೇ ಬಾಗಿಲು ಹಾಕಿದ್ದೇವೆ

ಮ್ಯೂಸಿಯಂ ಗೇಟಿಗೆ ಒಂದು ಹಾಳೆ ಅಂಟಿಸಿತ್ತು: ‘ಪ್ರೇಕ್ಷಕ ಕೇಂದ್ರಿತ ಪ್ರದರ್ಶನ ಯೋಜನೆ ಹಾಗೂ ಸಮುದಾಯ ಸಹಭಾಗಿತ್ವ ತರಬೇತಿಯ ಪ್ರಯುಕ್ತ ಶುಕ್ರವಾರದಿಂದ ಭಾನುವಾರದವರೆಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ.’ ಇದನ್ನು ಟೈಪ್ ಮಾಡಿದವರಿಗೆ ನಗು ಬರಲಿಲ್ಲವಾ ಅಂತ ಈಗಲೂ ಯೋಚಿಸುತ್ತೇನೆ. ನನ್ನನ್ನು ಒಳಗೆ ಬಿಟ್ಟರು. ನಾನು ಸಾರ್ವಜನಿಕರಲ್ಲಿ ಒಬ್ಬನಲ್ಲ, ಶಿಬಿರಾರ್ಥಿ. ವಸ್ತುಗಳ ಪಕ್ಕದ ಲೇಬಲ್ ಬರೆಯುವ ಪಾಪ ನನ್ನದೇ.

ಮೊದಲ ದಿನ ಪ್ರೇಕ್ಷಕರನ್ನು ತಯಾರಿಸಿದೆವು. ಚಾರ್ಟ್ ಪೇಪರ್ ಮೇಲೆ, ಸ್ಕೆಚ್ ಪೆನ್ನಿನಲ್ಲಿ. ನಮ್ಮ ಗುಂಪು ತಯಾರಿಸಿದ ಪ್ರೇಕ್ಷಕಿಗೆ 42 ವರ್ಷ. ಹಳೇ ಮಡಕೆ ಅಂದರೆ ಪ್ರಾಣ. ಮೊಣಕಾಲು ನೋವಿಲ್ಲ, ಕನ್ನಡಕ ಬೇಡ. ಜೊತೆಗೆ ಬಂದ ಮಕ್ಕಳಿಗೆ ಹಸಿವೇ ಆಗುವುದಿಲ್ಲ. ನನ್ನ ಲೇಬಲ್ಲುಗಳನ್ನು ಮೊದಲಿನಿಂದ ಕೊನೆವರೆಗೆ ಓದಿ ತಲೆದೂಗುತ್ತಾಳೆ. ಸುಳ್ಳು ಜಾತಕ ಬರೆಸಿದ ಹಾಗಿತ್ತು, ಎಲ್ಲ ಗುಣವೂ ಕೂಡಿ ಬಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಸ್ಲೈಡ್‌ಗಳು. ಅಮೆರಿಕದಲ್ಲಿ ಬೆವರ್ಲಿ ಸೆರೆಲ್ ಅನ್ನುವವರು ನೂರಕ್ಕೂ ಜಾಸ್ತಿ ಪ್ರದರ್ಶನಗಳಲ್ಲಿ ಜನ ಎಷ್ಟು ಹೊತ್ತು ಇರುತ್ತಾರೆ ಅಂತ ಲೆಕ್ಕ ಹಾಕಿದ್ದರು. ಸಾಮಾನ್ಯವಾಗಿ 20 ನಿಮಿಷವೂ ಇಲ್ಲ. ಈ ಒಂದು ಸ್ಲೈಡಿಗೆ ನಮ್ಮ ತರಬೇತುದಾರರು ಮುಕ್ಕಾಲು ಗಂಟೆ ತೆಗೆದುಕೊಂಡರು. ಹಿಂದಿನ ಸಾಲಿನವರು ಅದರ ಸತ್ಯವನ್ನು ಇಪ್ಪತ್ತನೇ ನಿಮಿಷಕ್ಕೇ ಸಾಬೀತು ಮಾಡಿದ್ದರು, ಕೂತಲ್ಲೇ ತೂಕಡಿಸಿ.

ಮುಂದಿನದು ಗಿಲ್ಮನ್ ಕಥೆ. ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ‘ಮ್ಯೂಸಿಯಂ ದಣಿವು’ ಅಂತ ಬರೆದರು. ಪ್ರದರ್ಶನದ ವಸ್ತು ನೋಡಲು ಒಬ್ಬ ಮನುಷ್ಯ ಬಗ್ಗುವುದು, ಕುಕ್ಕರುಗಾಲಲ್ಲಿ ಕೂರುವುದು, ಕತ್ತು ತಿರುಚುವುದು, ಎಲ್ಲದರ ಫೋಟೋ ತೆಗೆಸಿ ಹಾಕಿದ್ದರು. ‘ಪಾಪ, ಆ ಕಾಲದ ಜನ’ ಅಂತ ಎಲ್ಲರೂ ಮರುಗಿದೆವು. ಚಹಾ ವಿರಾಮದಲ್ಲಿ ನಾನು ಪಕ್ಕದ ಗ್ಯಾಲರಿಗೆ ಹೋಗಿ, ಎರಡೂ ಮಂಡಿ ಊರಿ, ಮೊಬೈಲ್ ಟಾರ್ಚ್ ಹಾಕಿ ನನ್ನದೇ ಲೇಬಲ್ ಓದಿದೆ. ‘ಮಡಕೆ. ಸುಟ್ಟ ಮಣ್ಣು. ಭಾಗಶಃ ಭಗ್ನ.’ ಕೆಳಗೆ ದಪ್ಪಕ್ಷರದಲ್ಲಿ ನೋಂದಣಿ ಸಂಖ್ಯೆ. ಮಡಕೆಯಲ್ಲಿ ಏನು ಬೇಯಿಸುತ್ತಿದ್ದರು, ಯಾರು ಒಡೆದರು, ಒಂದೂ ಇಲ್ಲ. ಎದ್ದೇಳಲು ಆಸರೆಗೆ ಪಕ್ಕದ ಕುರ್ಚಿಗೆ ಕೈ ಹಾಕಿದೆ. ಅದಕ್ಕೂ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಅಂತ ಬರೆದಿತ್ತು. ಅದೂ ನನ್ನದೇ ಬರಹ.

ಎರಡನೇ ದಿನ ಸಮುದಾಯದ ಸರದಿ. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2022ರಲ್ಲಿ ಪ್ರಾಗ್‌ನಲ್ಲಿ ಮ್ಯೂಸಿಯಂ ಅಂದರೇನು ಅನ್ನುವುದಕ್ಕೆ ಹೊಸ ವ್ಯಾಖ್ಯೆ ಒಪ್ಪಿತಲ್ಲ, ಅದರಲ್ಲಿ ‘ಸಮುದಾಯಗಳ ಭಾಗವಹಿಸುವಿಕೆ’ ಅನ್ನುವ ಮಾತು ಸೇರಿದೆ. ಅಂದಿನಿಂದ ಎಲ್ಲ ಕಡೆ ಸಮುದಾಯವನ್ನು ಹುಡುಕುವ ಕೆಲಸ ಜೋರು. ಸಾಮಾನ್ಯವಾಗಿ ಅದು ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ಸಿಗುತ್ತದೆ. ‘ಪ್ರದರ್ಶನ ಹೇಗಿರಬೇಕು, ನಿಮ್ಮ ಅಭಿಪ್ರಾಯ ಹೇಳಿ’ ಅಂತ ಕೇಳುತ್ತಾರೆ. ಅಷ್ಟರಲ್ಲಿ ಗೋಡೆಗೆ ಮೊಳೆ ಹೊಡೆದಾಗಿರುತ್ತದೆ.

ಜನರಿಗೆ ನಿರ್ಧಾರದಲ್ಲಿ ನಿಜಕ್ಕೂ ಎಷ್ಟು ಪಾಲಿದೆ ಅಂತ ಅಳೆಯಲು ಅಮೆರಿಕದ ಶೆರಿ ಆರ್ನ್‌ಸ್ಟೀನ್ ಅನ್ನುವವರು 1969ರಲ್ಲಿ ಬರೆದ ‘ಭಾಗವಹಿಸುವಿಕೆಯ ಏಣಿ’ಯನ್ನೂ ತೋರಿಸಿದರು. ಎಂಟು ಮೆಟ್ಟಿಲು. ತೀರಾ ಕೆಳಗೆ ಜನರನ್ನು ಏಮಾರಿಸುವುದು, ತುದಿಯಲ್ಲಿ ಜನರ ಕೈಗೇ ಅಧಿಕಾರ. ಸಲಹೆ ಕೇಳುವುದು ನಾಲ್ಕನೇ ಮೆಟ್ಟಿಲು, ಅದೂ ತೋರಿಕೆಯದೇ ಅಂತ ಆಕೆ ಹೇಳಿದ್ದರು. ನಾವು ಯಾವ ಮೆಟ್ಟಿಲಲ್ಲಿದ್ದೇವೆ ಅಂತ ಯಾರೋ ಕೇಳಿದರು. ‘ಅದನ್ನು ಲಂಚ್ ಆದ ಮೇಲೆ ನೋಡೋಣ’ ಅಂದರು ತರಬೇತುದಾರರು. ನೋಡಲಿಲ್ಲ. ಆ ಏಣಿ ಸಿಕ್ಕಿದ್ದರೆ ಮಡಕೆ ಮೇಲಿನ ಬಲ್ಬನ್ನಾದರೂ ಬದಲಿಸಬಹುದಿತ್ತು.

ಮಧ್ಯಾಹ್ನ ‘ಪ್ರೇಕ್ಷಕರೊಂದಿಗೆ ನೇರ ಸಂವಾದ’. ಪ್ರೇಕ್ಷಕರಿಗೆ ರಜೆ ಕೊಟ್ಟಿದ್ದರಿಂದ ನಮ್ಮಲ್ಲೇ ಅರ್ಧ ಜನ ಪ್ರೇಕ್ಷಕರ ಪಾತ್ರ ಮಾಡಿದರು. ಹಿರಿಯ ಕ್ಯುರೇಟರ್ ಒಬ್ಬರು ಎದ್ದು, ‘ಟಾಯ್ಲೆಟ್ ಎಲ್ಲಿದೆ?’ ಅಂದರು. ‘ಅದ್ಭುತ ಸಾರ್! ಸಂದರ್ಶಕರ ಮೂಲಭೂತ ಅಗತ್ಯ!’ ಅಂತ ತರಬೇತುದಾರರು ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ‘ಅಲ್ಲ, ನಿಜವಾಗ್ಲೂ ಎಲ್ಲಿದೆ?’ ಅಂದರು ಅವರು. ಹಾಲ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೇಟಿನ ವಾಚ್‌ಮನ್ನನ್ನೇ ಕೇಳಿ ಬಾ ಅಂತ ನನ್ನನ್ನು ಓಡಿಸಿದರು.

ವಾಚ್‌ಮನ್ ಬಿಡುವಾಗಿರಲಿಲ್ಲ. ಗೇಟಿನ ಹೊರಗೆ ಒಬ್ಬ ಅಜ್ಜಿ, ಕೈ ಹಿಡಿದ ಇಬ್ಬರು ಮೊಮ್ಮಕ್ಕಳು.

‘ಇವತ್ತು ಆಗಲ್ಲಮ್ಮಾ. ಒಳಗೆ ನಿಮ್ಮ ವಿಷಯಾನೇ ಮಾತಾಡ್ತಾ ಇದ್ದಾರೆ.’

‘ಹಾಗಾದ್ರೆ ನಾಳೆ ಬರಲೇನಪ್ಪಾ?’

‘ನಾಳೇನೂ ಇದೆ.’

‘ನಾಳಿದ್ದು?’

‘ನಾಳಿದ್ದು ಸೋಮವಾರ ಅಲ್ವಾ, ವಾರದ ರಜೆ.’