ಆಮೇಲಿನ ಕಥೆಯೂ ಬೇಕಿತ್ತು
ಸಿಖ್ಖರ ಒಂಬತ್ತನೇ ಗುರು ತೇಗ್ ಬಹಾದ್ದೂರರ ಕುರಿತ ನಿಮ್ಮ ಪತ್ರಿಕೆಯ ಲೇಖನ ಚೆನ್ನಾಗಿದೆ. ಆದರೆ 1675ರ ನವೆಂಬರಿನಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಔರಂಗಜೇಬನ ಆಜ್ಞೆಯಂತೆ ಅವರ ತಲೆ ಕಡಿದಲ್ಲಿಗೇ ಮುಗಿಸಿಬಿಟ್ಟಿದ್ದೀರಿ. ನನ್ನನ್ನು ಕಾಡುವುದು ಆಮೇಲಿನದ್ದು. ಶಿಷ್ಯ ಭಾಯಿ ಜೈತಾ ಶಿರವನ್ನು ಬಚ್ಚಿಟ್ಟುಕೊಂಡು ಪಂಜಾಬಿನ ಆನಂದಪುರಕ್ಕೆ ಒಯ್ದರು. ಅಲ್ಲಿದ್ದ ಗುರುವಿನ ಮಗ ಗೋವಿಂದ ರಾಯನಿಗೆ (ಮುಂದೆ ಗುರು ಗೋವಿಂದ ಸಿಂಗ್) ಒಂಬತ್ತೂ ತುಂಬಿರಲಿಲ್ಲ. ದೇಹವನ್ನು ಗಾಡಿಯ ಸರಕಿನಡಿ ಅಡಗಿಸಿ ತಂದವನು ಲಖಿ ಶಾ ವಣಜಾರಾ ಎಂಬ ವ್ಯಾಪಾರಿ. ಬಹಿರಂಗವಾಗಿ ಚಿತೆ ಹೊತ್ತಿಸುವಂತಿಲ್ಲ, ಏನು ಮಾಡಿದ? ಒಳಗೆ ದೇಹವಿಟ್ಟು ತನ್ನ ಮನೆಗೇ ಬೆಂಕಿ ಹಚ್ಚಿದ! ದೆಹಲಿಯ ಸಂಸತ್ ಭವನದ ಹತ್ತಿರದ ರಕಾಬ್ ಗಂಜ್ ಗುರುದ್ವಾರ ಇರುವುದು ಆ ಜಾಗದಲ್ಲೇ. ಬಂಜಾರರು ಇವತ್ತಿಗೂ ಅವನನ್ನು ನಮ್ಮವನು ಅಂತಾರೆ. ಅಂದಹಾಗೆ, ಗುರುವಿಗಿಂತ ಮೊದಲೇ ಪ್ರಾಣ ಕೊಟ್ಟ ಶಿಷ್ಯರಾದ ಮತಿ ದಾಸ, ಸತಿ ದಾಸ, ದಯಾಲಾ ಇವರ ಹೆಸರೂ ಲೇಖನದಲ್ಲಿಲ್ಲವಲ್ಲ?